ಮಾನ ಹೋಗೋದು ಯಾರದು?

ಅಕ್ಕ, "ಮರ್ಯಾದೆ" ಅನ್ನೋ ಮಾತನ್ನು ನೀವು ದಿನಾ ಕೇಳುತ್ತೀರಿ. ಹುಡುಗಿ ಜೋರಾಗಿ ನಕ್ಕರೆ ಮನೆ ಮರ್ಯಾದೆ ಹೋಯ್ತು. ಸೊಸೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರೆ ಮನೆತನದ ಮರ್ಯಾದೆ ಹೋಯ್ತು. ಗಂಡ ಕುಡಿದು ಬಂದು ನಡುಬೀದಿಯಲ್ಲಿ ಹೊಡೆದರೆ? ಆಗ ಯಾರ ಮರ್ಯಾದೆಯೂ ಹೋಗುವುದಿಲ್ಲ! "ಹೊರಗೆ ಹೇಳಬೇಡ, ಮಾನ ಹೋಗುತ್ತೆ" ಅಂತ ಏಟು ತಿಂದವಳ ಬಾಯನ್ನೇ ಮುಚ್ಚಿಸುತ್ತಾರೆ.

ಇದು ಮನೆತನದ ಮರ್ಯಾದೆ. ನಾವು ಇಲ್ಲಿ ಹೇಳುವುದು ಬೇರೆ. ಮನುಷ್ಯರಾಗಿ ಹುಟ್ಟಿದ್ದಕ್ಕೇ ಸಿಗಬೇಕಾದ ಗೌರವ ಒಂದಿದೆ. ಅದಕ್ಕೆ ಘನತೆ ಅನ್ನುತ್ತಾರೆ. ಅದನ್ನು ಗಂಡ ಕೊಟ್ಟದ್ದಲ್ಲ, ಸಾಹುಕಾರ ಕೊಟ್ಟದ್ದಲ್ಲ. ಹಣೆಯ ಕುಂಕುಮ ಅಳಿಸಿದರೂ ಅದು ಅಳಿಯುವುದಿಲ್ಲ.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು. ಘನತೆಯಲ್ಲಿ, ಹಕ್ಕಿನಲ್ಲಿ ಎಲ್ಲರೂ ಹುಟ್ಟಿನಿಂದ ಸಮಾನರು ಎಂದು ಅದರ ಮೊದಲ ಕಲಮೇ ಹೇಳುತ್ತದೆ. ಈ ಕಲಮಿನ ಹಿಂದೆ ಒಂದು ಕಥೆ ಇದೆ. ಮೊದಲು ಬರೆದಾಗ ಅದರಲ್ಲಿ "ಮೆನ್" ಎಂಬ ಇಂಗ್ಲಿಷ್ ಪದ ಇತ್ತು. ಅದಕ್ಕೆ ಮನುಷ್ಯರು ಅಂತಲೂ ಅರ್ಥ, ಗಂಡಸರು ಅಂತಲೂ ಅರ್ಥ. ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಎಂಬ ಹೆಣ್ಣುಮಗಳು ಇದು ಆಗದು ಅಂದರು. ಹೆಂಗಸರನ್ನು ಬಿಟ್ಟು ಓದಬಹುದಲ್ಲ! ಕೊನೆಗೆ "ಎಲ್ಲ ಮಾನವರು" ಎಂದು ಬದಲಾಯಿತು. ಒಂದೇ ಒಂದು ಪದ. ಓದು ಬಂದರೆ ಏನು ಲಾಭ ಅಂತ ಕೇಳುವವರಿಗೆ ಇದನ್ನು ಹೇಳಿ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವೂ ಪೀಠಿಕೆಯಲ್ಲೇ ವ್ಯಕ್ತಿಯ ಗೌರವದ ಮಾತು ಹೇಳಿದೆ. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೂ ಜನ ಮಲದ ಬುಟ್ಟಿಯನ್ನು ತಲೆ ಮೇಲೆ ಹೊರುತ್ತಿದ್ದರು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ಈ ಪದ್ಧತಿ ನಿಷೇಧವಾಯಿತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿ ಕಾನೂನು 2013ರಲ್ಲಿ. ಇಷ್ಟಾದರೂ ಗುಂಡಿಗೆ ಇಳಿದು ಸಾಯುವವರ ಸುದ್ದಿ ನಿಂತಿಲ್ಲ. ಕಾನೂನು ತಾನಾಗಿ ನಡೆದು ಬರುವುದಿಲ್ಲ, ನಾವು ಹೋಗಿ ಕರೆತರಬೇಕು.

ಹೇಗೆ? ಮೊದಲು ತಿಳಿದುಕೊಳ್ಳಬೇಕು. ಮನೆಯೊಳಗಿನ ಹಿಂಸೆ ತಡೆಯಲು 2005ರಲ್ಲಿ ಒಂದು ಕಾನೂನು ಆಗಿದೆ. ಅದರ ಪ್ರಕಾರ ಹೊಡೆತ ಮಾತ್ರ ಹಿಂಸೆಯಲ್ಲ. ಕೆಟ್ಟ ಬೈಗುಳವೂ ಹಿಂಸೆ. "ಗಂಡು ಹೆರಲಿಲ್ಲ" ಅಂತ ಹೀಯಾಳಿಸುವುದೂ ಹಿಂಸೆ. ಹೆಂಗಸಿನ ಹೇಳಿಕೆ ಬೇಕಾದರೆ "ಠಾಣೆಗೆ ಬಾ" ಅಂತ ಪೊಲೀಸರು ಒತ್ತಾಯ ಮಾಡುವಂತಿಲ್ಲ, ಆಕೆ ಇರುವ ಮನೆಗೇ ಬಂದು ಕೇಳಬೇಕು. ದೂರು ಕೊಟ್ಟು ಎಫ್ಐಆರ್ ಆದರೆ ಅದರ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು, ಕೇಳಿ ಪಡೆಯಿರಿ. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದಿಂದ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ಒಬ್ಬರೇ ಹೋಗಬೇಡಿ. ಒಬ್ಬಳೇ ಹೋದವಳನ್ನು "ನಾಳೆ ಬಾ" ಅಂತ ಕಳಿಸುತ್ತಾರೆ. ಸಂಘದ ನಾಲ್ಕು ಜನ ಹೋದರೆ ಕುರ್ಚಿ ತೋರಿಸುತ್ತಾರೆ. ಬರೆದುಕೊಟ್ಟ ಕಾಗದವನ್ನು ನಿಧಾನವಾಗಿ ಓದಿ, ಆಮೇಲೆ ರುಜು ಹಾಕಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಓದಿಸಿ. ಅವರು ಅವಸರ ಮಾಡಿದರೆ ಮಾಡಲಿ.

ಇನ್ನು ನಮ್ಮ ಮನೆ ಮಾತು. ಹೇಳಲು ಸ್ವಲ್ಪ ನಾಚಿಕೆ. ನಮಗೆ ಬೇರೆಯವರು "ಏಯ್, ಬಾರೇ" ಅಂದರೆ ಉರಿಯುತ್ತೆ. ಆದರೆ ಚರಂಡಿ ಬಳಿಯಲು ಬಂದವಳು ನೀರು ಕೇಳಿದರೆ ಎತ್ತರದಿಂದ ಬೊಗಸೆಗೆ ಸುರಿಯುತ್ತೇವೆ. ಸೊಸೆ ಊಟ ಎಲ್ಲರದೂ ಆದ ಮೇಲೆ, ತಳ ಹಿಡಿದ ಅನ್ನ. ಗಂಡ ಸತ್ತ ಅಕ್ಕನನ್ನು ಮದುವೆ ಚಪ್ಪರದಲ್ಲಿ ಹಿಂದಕ್ಕೆ ಕೂರಿಸುತ್ತೇವೆ. ಇದಕ್ಕೆಲ್ಲ ಕೋರ್ಟು ಬೇಕಾಗಿಲ್ಲ. ನಾಳೆ ಆ ಹೆಂಗಸು ಬಂದಾಗ ನಾವು ಕುಡಿಯುವ ಲೋಟದಲ್ಲೇ ನೀರು ಕೊಟ್ಟು, ಹೆಸರು ಕೇಳಿ ನೋಡೋಣ.