ಚೆಕ್ ವಾಪಸ್ ಬಂದ ಮೇಲೆ

ಸಣ್ಣ ಉದ್ದಿಮೆ ನಡೆಸುವವರು ವಕೀಲರ ಬಾಗಿಲಿಗೆ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮಾಲು ಹೋಗಿದೆ, ದುಡ್ಡು ಬಂದಿಲ್ಲ. ಪಾರ್ಟಿ ಕೊಟ್ಟ ಚೆಕ್ಕು ‘ಖಾತೆಯಲ್ಲಿ ಹಣ ಸಾಲದು’ ಎಂಬ ಮೆಮೊ ಜೊತೆ ಬ್ಯಾಂಕಿನಿಂದ ವಾಪಸಾಗಿದೆ. ಚೆಕ್ ಎಂದರೇನೆಂದು ವ್ಯಾಪಾರಸ್ಥರಿಗೆ ವಿವರಿಸಬೇಕಿಲ್ಲ. ಅದರ ಮೇಲೆ ಬರೆದ ತಾರೀಕಿನಿಂದ ಅದಕ್ಕೆ ಮೂರು ತಿಂಗಳ ಆಯುಷ್ಯ ಎಂಬುದಷ್ಟು ನೆನಪಿರಲಿ. 2012ರ ಏಪ್ರಿಲ್‌ಗೆ ಮುಂಚೆ ಇದು ಆರು ತಿಂಗಳಿತ್ತು. ಹಳಬರು ಈಗಲೂ ಅದೇ ಲೆಕ್ಕದಲ್ಲಿ ಇರುವುದುಂಟು.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ 1881ರದು. ಚೆಕ್ ಬೌನ್ಸನ್ನು ಶಿಕ್ಷಾರ್ಹ ಅಪರಾಧವಾಗಿಸಿದ 138ನೇ ಸೆಕ್ಷನ್ ಅದರಲ್ಲಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

ಜನ ಎಡವುವುದು ಇಲ್ಲೇ. ಚೆಕ್ ವಾಪಸ್ ಬಂತು ಎಂದರೆ ಕೇಸು ಆಯಿತು ಎಂದುಕೊಂಡು ಕೆಲವರು ನೇರ ಪೊಲೀಸ್ ಠಾಣೆಗೆ ಓಡುತ್ತಾರೆ. ಇನ್ನು ಕೆಲವರು, ಕೇಸಂತೂ ಕೈಯಲ್ಲಿದೆ, ಯಾವಾಗ ಬೇಕಾದರೂ ಹಾಕಬಹುದು ಎಂದು ಸುಮ್ಮನಿರುತ್ತಾರೆ. ಎರಡೂ ತಪ್ಪು. 138ರ ದೂರನ್ನು ಚೆಕ್ ಪಡೆದವರೇ ಮ್ಯಾಜಿಸ್ಟ್ರೇಟರ ಮುಂದೆ ಲಿಖಿತವಾಗಿ ಕೊಡಬೇಕು. ಆ ಹಕ್ಕು ಹುಟ್ಟುವುದು ಮೂರು ಗಡುವುಗಳನ್ನು ಸರಿಯಾಗಿ ದಾಟಿದಾಗ ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡುವವರೊಬ್ಬರಿಗೆ 80,000 ರೂಪಾಯಿಯ ಚೆಕ್ ಬಂದಿದೆ, ತಾರೀಕು ಜೂನ್ 10. ಬ್ಯಾಂಕಿನ ಮೆಮೊ ಕೈಗೆ ಸಿಕ್ಕಿದ್ದು ಜೂನ್ 14ಕ್ಕೆ. ಅಲ್ಲಿಂದ 30 ದಿನ, ಅಂದರೆ ಜುಲೈ 14ರೊಳಗೆ, ಲಿಖಿತ ನೋಟಿಸ್ ಹೋಗಬೇಕು. ಜುಲೈ 1ಕ್ಕೆ ಕಳಿಸಿದರು, ಪಾರ್ಟಿಗೆ ಅದು 5ರಂದು ತಲುಪಿತು ಎನ್ನಿ. ತಲುಪಿದ ದಿನವನ್ನು ಬಿಟ್ಟು 15 ದಿನ ಎಣಿಸಿ: ಜುಲೈ 20ರವರೆಗೆ ದುಡ್ಡು ಕಟ್ಟಲು ಪಾರ್ಟಿಗೆ ಅವಕಾಶವಿದೆ. ಅಷ್ಟರಲ್ಲಿ ಕಟ್ಟಿದರೆ ಕೇಸಿಲ್ಲ. ಆ ಗಡುವು ಮುಗಿಯುವ ಮೊದಲೇ ಅವಸರಪಟ್ಟು ದೂರು ಕೊಟ್ಟರೂ ಅದು ನಿಲ್ಲುವುದಿಲ್ಲ. ಕೇಸು ಹಾಕುವ ಹಕ್ಕು ಹುಟ್ಟುವುದು ಜುಲೈ 21ಕ್ಕೆ. ಅಲ್ಲಿಂದ ಒಂದು ತಿಂಗಳು, ಆಗಸ್ಟ್ 21ರೊಳಗೆ ದೂರು ದಾಖಲಾಗಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ನನಗೆ ಈ ಸೆಕ್ಷನ್ ತುಂಬ ಇಷ್ಟವಾಗುವುದು ಇದಕ್ಕೇ. ಒಂದೇ ಲೆಕ್ಕದಲ್ಲಿ ಸಾಲಗಾರನಿಗೆ ತಪ್ಪು ತಿದ್ದಿಕೊಳ್ಳಲು ಜಾಗವಿದೆ, ಸಾಲ ಕೊಟ್ಟವನಿಗೆ ಬಲವೂ ಇದೆ. ಆದರೆ ‘ಮುಂದಿನ ವಾರ ಹಾಕಿಬಿಡ್ತೀನಿ ಸಾರ್’ ಎಂಬ ಫೋನ್ ಮಾತಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಹಳೇ ಪಾರ್ಟಿ, ಸಂಬಂಧ ಕೆಡುತ್ತದೆ ಎಂಬ ಸಂಕೋಚದಲ್ಲೇ 30 ದಿನ ಕಳೆದುಹೋಗುತ್ತದೆ. ನೋಟಿಸ್ ಕೊಡುವುದು ಜಗಳವಲ್ಲ. ಕೊಟ್ಟು, ಆಮೇಲೆ ಎಷ್ಟು ಬೇಕಾದರೂ ಮಾತಾಡಿ. ನೋಟಿಸಿನ ಗಡುವು ದಾಟಿಹೋಗಿದ್ದರೂ ಚೆಕ್ಕಿನ ಮೂರು ತಿಂಗಳು ಬಾಕಿಯಿದ್ದರೆ ಅದನ್ನು ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ.

ನೋಟಿಸಿನಲ್ಲಿ ಚೆಕ್ ನಂಬರು, ತಾರೀಕು, ಬ್ಯಾಂಕು, ಮೆಮೊ ಬಂದ ದಿನ ಇರಲಿ. ಮೊತ್ತ ಚೆಕ್ಕಿನಲ್ಲಿರುವಷ್ಟೇ ಇರಬೇಕು, ಒಂದು ರೂಪಾಯಿಯೂ ಹೆಚ್ಚುಕಮ್ಮಿ ಆಗಬಾರದು. ಬಡ್ಡಿ, ವಕೀಲರ ಫೀಸು ಕೇಳುವುದಾದರೆ ಬೇರೆ ಸಾಲಿನಲ್ಲಿ ಬಿಡಿಸಿ ಬರೆಸಿ. ಅಂಗಡಿ, ಮನೆ ಎರಡೂ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ಪಾರ್ಟಿ ಬೇಕೆಂದೇ ತೆಗೆದುಕೊಳ್ಳದಿದ್ದರೆ ಅದು ತಲುಪಿದಂತೆಯೇ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ.

ಇನ್ನೊಂದು ಗುಂಡಿಯಲ್ಲಿ ಜಾಣರೂ ಬೀಳುತ್ತಾರೆ. 80,000ದ ಚೆಕ್ ನಿಮ್ಮ ಬಳಿ ಇರುವಾಗಲೇ ಪಾರ್ಟಿ 30,000ವನ್ನು ಫೋನ್‌ಪೇಯಲ್ಲಿ ಹಾಕುತ್ತಾನೆ. ಬಾಕಿಗಾಗಿ ನೀವು ಹಳೇ ಚೆಕ್ಕನ್ನೇ ಪೂರ್ತಿ ಮೊತ್ತಕ್ಕೆ ಬ್ಯಾಂಕಿಗೆ ಹಾಕುತ್ತೀರಿ, ಬೌನ್ಸ್ ಆಗುತ್ತದೆ. 138 ಇಲ್ಲಿ ನಡೆಯುವುದಿಲ್ಲ. ಚೆಕ್ ಹಾಕಿದ ದಿನ ಅವನು ಕೊಡಬೇಕಿದ್ದದ್ದು 80,000 ಅಲ್ಲವಲ್ಲ! 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಬಂದ ಹಣವನ್ನು ಚೆಕ್ಕಿನ ಮೇಲೆಯೇ ನಮೂದಿಸಲು 56ನೇ ಸೆಕ್ಷನ್ ದಾರಿ ಕೊಡುತ್ತದೆ. ಅದಕ್ಕಿಂತ ಸುಲಭ, ಹಳೇ ಚೆಕ್ ವಾಪಸ್ ಕೊಟ್ಟು 50,000ಕ್ಕೆ ಹೊಸದು ಬರೆಸಿಕೊಳ್ಳುವುದು.

ಚೆಕ್ ಕೊಡುವವರೂ ನೀವೇ ಅಲ್ಲವೇ? ‘ಬರೀ ಸೆಕ್ಯೂರಿಟಿಗೆ’ ಎಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರೆ ತೊಂದರೆಯಿಲ್ಲ ಎಂಬ ನಂಬಿಕೆ ಬಿಡಿ. ಬ್ಯಾಂಕಿಗೆ ಹಾಕಿದ ದಿನ ಬಾಕಿ ನಿಜವಾಗಿ ಇದ್ದರೆ ಆ ಚೆಕ್ಕೂ 138ರೊಳಗೆ ಬರುತ್ತದೆ. ಬಾಕಿ ಇರಲಿಲ್ಲ ಎಂದು ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ.

ಚೆಕ್ಕೇ ಇಲ್ಲದ ಬಾಕಿಗೆ 2006ರ ಎಂಎಸ್‌ಎಂಇ ಕಾಯ್ದೆ ಇದೆ. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಬರಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಮಾಲು ಕಳಿಸುವ ಮೊದಲೇ ನೋಂದಣಿ ಮಾಡಿಸಿಕೊಂಡಿರಿ. ಬರೀ ಕೊಂಡು ಮಾರುವ ಅಂಗಡಿಯವರಿಗೆ ಮಾತ್ರ ಈ ಅನುಕೂಲವಿಲ್ಲ.

ಇವೆಲ್ಲ ಕೈತಪ್ಪಿದರೂ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ ಕಾಲವಿದೆ. 1963ರ ಲಿಮಿಟೇಶನ್ ಕಾಯ್ದೆಯ 18ನೇ ಸೆಕ್ಷನ್ ಒಂದನ್ನಾದರೂ ದಯವಿಟ್ಟು ಓದಿ, ಅರ್ಧ ಪುಟವೂ ಇಲ್ಲ. ಅವಧಿ ಮುಗಿಯುವ ಮೊದಲು ಪಾರ್ಟಿ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಅದಕ್ಕೇ ಪ್ರತಿ ಮಾರ್ಚ್ ಕೊನೆಗೆ ಲೆಡ್ಜರಿನ ಬಾಕಿ ತೋರಿಸಿ, ತಾರೀಕು ಸಮೇತ ಪಾರ್ಟಿಯ ಸಹಿ ಪಡೆದಿಟ್ಟುಕೊಳ್ಳಿ.