ಡುಮಸ್ ಕೆಸರಿನಲ್ಲಿ ಕೆಂಪಾಗುವ ಹಕ್ಕಿಗಳು

ಮಾರ್ಚ್ ಬಂತೆಂದರೆ ಸೂರತ್‌ನ ಅಡಾಜಣ್‌ನಲ್ಲಿರುವ ನಮ್ಮ ಮನೆಯಲ್ಲಿ ಎರಡು ವೇಳಾಪಟ್ಟಿ ಓಡುತ್ತವೆ. ಒಂದು ಮಗನ ಪರೀಕ್ಷೆಯದು, ಅದು ಹೆಂಡತಿಯ ಸುಪರ್ದಿ. ಇನ್ನೊಂದು ಸಮುದ್ರದ ಉಬ್ಬರ–ಇಳಿತದ್ದು, ಅದು ನನ್ನ ಮೊಬೈಲಿನಲ್ಲಿ.

ಚಳಿಗಾಲದಲ್ಲಿ ಹಕ್ಕಿ ನೋಡಲು ಸೂರತ್‌ನವರು ದೂರ ಹೋಗಬೇಕಿಲ್ಲ. ಅಡಾಜಣ್ ಪಕ್ಕದ ರಾಂದೇರ್‌ನಿಂದ ತಾಪಿ ನದಿ ದಾಟುವ ಕಾಸ್‌ವೇ ಬಳಿ ನಿಂತರೆ ಸಾಕು, ನೂರಾರು ಕಡಲಕಾಗೆಗಳು (ಗಲ್‌ಗಳು) ತಲೆಯ ಮೇಲೆ ಸುತ್ತುತ್ತವೆ. ಜನ ಪೊಟ್ಟಣ ಬಿಚ್ಚಿ ಗಾಂಠಿಯಾ ಎಸೆಯುತ್ತಾರೆ. ಕರಿದ ತಿಂಡಿ ಹಕ್ಕಿಗೆ ಒಳ್ಳೆಯದಲ್ಲ ಎಂದು ಹೇಳಲು ಹೋಗಿ ನಾನೂ ಒಮ್ಮೆ ಬೈಸಿಕೊಂಡಿದ್ದೇನೆ. ಎಲ್ಲರ ಬಾಯಲ್ಲೂ ಇವು ‘ಸೈಬೀರಿಯಾ ಹಕ್ಕಿ’. ಆದರೆ ಇವುಗಳಲ್ಲಿ ಕಂದುತಲೆಯ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್‌ನಂಥ ಎತ್ತರದ ಸರೋವರಗಳಲ್ಲಿ. ಚಳಿಗಾಲವಿಡೀ ಬೆಳ್ಳಗಿದ್ದ ಅವುಗಳ ತಲೆ ಮಾರ್ಚ್ ಹೊತ್ತಿಗೆ ಕಂದಾಗುತ್ತದೆ, ಮಂಕಿ ಕ್ಯಾಪ್ ಹಾಕಿಕೊಂಡಂತೆ. ಟೋಪಿ ಬಂತೆಂದರೆ ಹೊರಡುವ ದಿನ ಹತ್ತಿರ ಬಂತೆಂದೇ ಅರ್ಥ.

ನಾನು ಕುಮಟಾ ತಾಲ್ಲೂಕಿನವನು. ಅಘನಾಶಿನಿ ನದಿ ಕಡಲು ಸೇರುವಲ್ಲಿ ನಮ್ಮದು ಸ್ವಲ್ಪ ಗಜನಿ ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟು ಮೀನು, ಸಿಗಡಿ. ಕೆಸರಿನಲ್ಲಿ ಗೊರವಗಳು ಓಡಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ಆಗ ಕೇಳಿದವನಲ್ಲ. ಕೆಲಸಕ್ಕೆಂದು ಹಜೀರಾಕ್ಕೆ ಬಂದು, ನಾನೇ ಊರು ಬಿಟ್ಟವನಾದ ಮೇಲೆ ಆ ಪ್ರಶ್ನೆ ಹುಟ್ಟಿತು.

ಡುಮಸ್ ಕಡಲತೀರ ಊರಿನಿಂದ ಸುಮಾರು 20 ಕಿ.ಮೀ. ಕಪ್ಪು ಮರಳಿಗೂ ಟೊಮೆಟೊ ಭಜಿಯಾಕ್ಕೂ ಹೆಸರಾದ ಜಾಗ. ಮೊದಲ ಸಲ ಹೋದಾಗ ಸಮುದ್ರವೇ ಕಾಣಲಿಲ್ಲ. ನಮ್ಮ ಕರಾವಳಿಯಲ್ಲಿ ಭರತ–ಇಳಿತದ ಅಂತರ ಎರಡು ಮೀಟರ್ ಆಸುಪಾಸು. ಇಲ್ಲಿ ಅದಕ್ಕೆ ‘ಭರತೀ–ಓಟ್’ ಎನ್ನುತ್ತಾರೆ. ಮಾತು ಒಂದೇ, ಅಳತೆ ಬೇರೆ. ಖಂಭಾತ್ ಕೊಲ್ಲಿಯ ಒಳಗೆ, ಭಾವನಗರದ ಕಡೆ, ಅಂತರ 10 ಮೀಟರ್ ಮೀರುತ್ತದೆ. ಎದುರು ದಡದ ಅಲಂಗ್‌ನಲ್ಲಿ ಹಳೆಯ ಹಡಗುಗಳನ್ನು ಒಡೆಯಲು ದಡ ಹತ್ತಿಸುವುದೂ ಈ ಉಬ್ಬರವನ್ನು ನಂಬಿಯೇ. ನೀರು ಇಳಿದಾಗ ಡುಮಸ್‌ನಲ್ಲಿ ಕಣ್ಣು ಹಾಯುವವರೆಗೂ ಕೆಸರು.

ಆ ಕೆಸರಿನ ಅಂಚಿನಲ್ಲಿ ಚುಕ್ಕೆಗಳಂತೆ ಹಕ್ಕಿಗಳು ಕಂಡವು. ಬೈನಾಕ್ಯುಲರ್ ಹಿಡಿದು ಅವುಗಳ ಹಿಂದೆಯೇ ನಡೆದೆ. ‘ಪಾಣೀ ಆವೇ ಛೇ!’ ಎಂದು ಮೀನುಗಾರರೊಬ್ಬರು ಕೂಗಿದಾಗ ತಿರುಗಿ ನೋಡಿದರೆ, ನನಗೂ ದಡಕ್ಕೂ ನಡುವಿನ ತಗ್ಗಿನಲ್ಲಿ ಆಗಲೇ ನೀರು ಹರಿಯುತ್ತಿತ್ತು. ಮೊಣಕಾಲು ಮುಳುಗುವಷ್ಟು ಕೆಸರಿನಲ್ಲಿ ಚಪ್ಪಲಿ ಬಿಟ್ಟು ಬಂದೆ. ‘ಹಕ್ಕಿಯ ಹಿಂದೆ ಹೋಗಬೇಡಿ ಭಾಯ್, ಭರತೀ ಬಂದರೆ ಅವೇ ನಿಮ್ಮ ಹತ್ತಿರ ಬರುತ್ತವೆ’ ಎಂದರು. ನೀವೂ ಹೋಗುವುದಾದರೆ ಇದನ್ನು ನೆನಪಿಡಿ. ಉಬ್ಬರದ ತುದಿಗೆ ಎರಡು ಗಂಟೆ ಮೊದಲು ದಡದಲ್ಲೇ ಕೂತಿದ್ದರೆ ನೀರು ಹಕ್ಕಿಗಳನ್ನು ತಾನೇ ತಳ್ಳಿಕೊಂಡು ಬರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅದಕ್ಕೇ ಮೊಬೈಲಿನಲ್ಲಿ ವೇಳಾಪಟ್ಟಿ.

ಜನವರಿಯಲ್ಲಿ ಈ ಹಕ್ಕಿಗಳೆಲ್ಲ ಒಂದೇ ಬೂದು ಬಣ್ಣ. ಏಪ್ರಿಲ್‌ನಲ್ಲಿ ನೋಡಬೇಕು. ಮರಳು ಪ್ಲೋವರ್‌ನ ಎದೆಗೆ ಕೆಂಗಂದು ಪಟ್ಟಿ, ಕಣ್ಣಿಗೆ ಕಪ್ಪು ಮುಖವಾಡ. ಬಾಗಿದ ಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಹೊಟ್ಟೆ ಇಟ್ಟಿಗೆಯಂತೆ ಕೆಂಪು. ಸುಮಾರು 60 ಗ್ರಾಂ ತೂಕದ ಈ ಹಕ್ಕಿ ಹೋಗಬೇಕಾದದ್ದು ಸೈಬೀರಿಯಾದ ಉತ್ತರ ತುದಿಗೆ. ಅಲ್ಲಿ ಮೊಟ್ಟೆ, ಮರಿ ಎಲ್ಲ ಜೂನ್, ಜುಲೈನ ಸಣ್ಣ ಬೇಸಿಗೆಯಲ್ಲೇ ಮುಗಿಯಬೇಕು. ವರ್ಷದ ಉಳಿದ ಬಹುಪಾಲು ದಿನ ಅದು ಕಳೆಯುವುದು ದಾರಿಯಲ್ಲಿ ಅಥವಾ ನಮ್ಮಂಥ ಕೆಸರಿನಲ್ಲಿ. ಹಾಗಾದರೆ ಅದರ ಊರು ಯಾವುದು? ಮಗ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವನು ಹುಟ್ಟಿದ್ದು ಸೂರತ್‌ನಲ್ಲಿ. ಕುಮಟಾ ಅವನಿಗೆ ಬೇಸಿಗೆ ರಜೆಯ ಊರು.

ದೂರದ ಹಾರಾಟಕ್ಕೆ ಮುನ್ನ ಕೆಲವು ಗೊರವಗಳ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಸರಿನ ಹುಳು, ಸಣ್ಣ ಚಿಪ್ಪು, ಏಡಿ ಕೊಡುವ ಕೊಬ್ಬೇ ದಾರಿಯ ಬುತ್ತಿ. ಭಾನುವಾರದ ಡುಮಸ್‌ನಲ್ಲಿ ಕುದುರೆ, ಒಂಟೆ, ಬೈಕು, ನಾಯಿ ಎಲ್ಲವೂ ಇರುತ್ತವೆ. ಹಿಂಡು ಒಮ್ಮೆ ಬೆದರಿ ಹಾರಿದರೆ ಆ ಬುತ್ತಿಯಲ್ಲಿ ಒಂದು ತುತ್ತು ಕಡಿಮೆ.

ಕೆಸರೇ ಇಲ್ಲವಾದರೆ? ದಕ್ಷಿಣ ಕೊರಿಯಾದ ಸೆಮಾಂಗಮ್‌ನಲ್ಲಿ 2006ರಲ್ಲಿ ಸುಮಾರು 33 ಕಿ.ಮೀ. ಉದ್ದದ ಗೋಡೆ ಕಟ್ಟಿ ಸಮುದ್ರವನ್ನು ತಡೆದರು. ಅಲ್ಲಿ ತಂಗುತ್ತಿದ್ದ ‘ಗ್ರೇಟ್ ನಾಟ್’ ಎಂಬ ಹಕ್ಕಿಗಳು ಬೇರೆಡೆ ಹೋಗಿ ಬದುಕಿಕೊಳ್ಳಲಿಲ್ಲ. ಚಳಿಗಾಲ ಕಳೆಯಲು ಅವು ಹೋಗುವ ಆಸ್ಟ್ರೇಲಿಯಾದಲ್ಲೂ ಲೆಕ್ಕ ಕಡಿಮೆಯಾಯಿತು. ನಮ್ಮ ಮೇಲೆ ಹಾಯುವ ಮಧ್ಯ ಏಷ್ಯಾ ಹಾರುದಾರಿ 30 ದೇಶಗಳಲ್ಲಿ ಹಬ್ಬಿದೆ. ವಲಸೆ ಜೀವಿಗಳ ರಕ್ಷಣೆಗಾಗಿ 2020ರ ಫೆಬ್ರುವರಿಯಲ್ಲಿ ಇಲ್ಲೇ ಗಾಂಧಿನಗರದಲ್ಲಿ ಜಾಗತಿಕ ಸಮ್ಮೇಳನ ನಡೆಯಿತು. ನಮ್ಮ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದವು.

ಆ ಸುದ್ದಿ ಓದಿ ಹೆಮ್ಮೆಪಟ್ಟವನೇ ನಾನು, ಕಳೆದ ವರ್ಷ ನಮ್ಮ ಗಜನಿಯನ್ನು ಸಿಗಡಿ ಕೊಳಕ್ಕೆ ಗೇಣಿ ಕೊಡಲು ಒಪ್ಪಿದ್ದೆ. ಆಳು ಸಿಗುವುದಿಲ್ಲ, ನಾನು ಊರಲ್ಲಿಲ್ಲ, ಆಯಿಗೆ ವಯಸ್ಸಾಯಿತು. ಬರುವ ಹಣ ಮಗನ ಶಾಲೆಯ ಫೀಸಿಗಾಗುತ್ತಿತ್ತು. ಕೊಳವೆಂದರೆ ವರ್ಷವಿಡೀ ಆಳದ ನೀರು. ಗೊರವಕ್ಕೆ ಅಲ್ಲಿ ಕಾಲೂರಲು ಜಾಗವಿಲ್ಲ. ಡುಮಸ್‌ನ ಬೈಕ್ ಸವಾರರನ್ನು ಬೈಯುತ್ತಿದ್ದ ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ಈ ಏಪ್ರಿಲ್‌ನಲ್ಲಿ ಆಯಿ ಫೋನ್ ಮಾಡಿದಾಗ ನಾನು ಡುಮಸ್‌ನಲ್ಲೇ ಇದ್ದೆ. ‘ಗಜನಿ ಹಕ್ಕಿ ಎಲ್ಲಾ ಹೋತು ತಮಾ. ನೀ ಯಾವಾಗ ಬತ್ತೆ?’ ಎಂದಳು. ಎದುರಿಗೆ ಉಬ್ಬರ ಏರುತ್ತಿತ್ತು, ಕೆಂಪು ಹೊಟ್ಟೆಯ ಹತ್ತಿಪ್ಪತ್ತು ಹಕ್ಕಿಗಳು ನೀರಿನಂಚಿನಲ್ಲಿ ಒಂದೇ ಸಮನೆ ಕೊಕ್ಕು ಆಡಿಸುತ್ತಿದ್ದವು. ಗೇಣಿ ಮಾತು ಬಿಟ್ಟುಬಿಡು, ಪಕ್ಕದ ಮನೆಯವರು ಕಗ್ಗ ಬಿತ್ತುವುದಾದರೆ ಬಿತ್ತಲಿ ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೀಜ ಇದ್ದು, ಆನೇ ತೆಗೆದಿಟ್ಟಿದ್ದೆ’ ಎಂದಳು.

ಫೀಸಿನ ಲೆಕ್ಕ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ. ಮೇ ತಿಂಗಳಲ್ಲಿ ಊರಿಗೆ ಟಿಕೆಟ್ ಆಗಿದೆ, ಮೂವರಿಗೂ.