ಬೀಗದ ಚಿತ್ರಕ್ಕೆ ಜಾಮೀನು ಯಾರು?

ಅಮೃತಾಪುರಕ್ಕೆ ಬಂದವರು 1196ರ ಅಮೃತೇಶ್ವರ ದೇಗುಲ ನೋಡುತ್ತಾರೆ, ಕವಿ ಜನ್ನ ರಚಿಸಿದ ಶಾಸನದ ಮುಂದೆ ಫೋಟೊ ಹೊಡೆಸಿಕೊಳ್ಳುತ್ತಾರೆ. ಊರಿನವರ ತಲೆಬಿಸಿಯೇ ಬೇರೆ. ಪಹಣಿ ಬೇಕು, ಮ್ಯುಟೇಶನ್ ಎಲ್ಲಿಗೆ ಬಂತೆಂದು ತಿಳಿಯಬೇಕು. ಅದಕ್ಕೆ ತರೀಕೆರೆ ತಾಲ್ಲೂಕು ಕಚೇರಿಗೆ ಅಲೆಯುವ ಬದಲು ಈಗ ಮೊಬೈಲ್ ತೆರೆದರಾಯಿತು. ತೆರೆದದ್ದು ಸರ್ಕಾರದ ತಾಣವೇ, ಅದರ ವೇಷ ಹಾಕಿದ ಮತ್ತೊಂದೇ ಎಂದು ಹೇಳಬೇಕಾದದ್ದು ಬ್ರೌಸರ್.

ಈ ಕೆಲಸ ಬ್ರೌಸರಿನ ಹೆಗಲಿಗೆ ಬಿದ್ದದ್ದು 1990ರ ದಶಕದ ನಡುವಿನಲ್ಲಿ. ಅಂತರ್ಜಾಲದಲ್ಲಿ ವ್ಯಾಪಾರ ನಡೆಯಬೇಕಾದರೆ ಕಾರ್ಡ್ ನಂಬರು ಕದಿಯಲಾಗದಂತೆ ಇರಬೇಕು ಎಂದು ನೆಟ್‌ಸ್ಕೇಪ್ ಕಂಪನಿ ಎಸ್‌ಎಸ್‌ಎಲ್ ಎಂಬ ಗೂಢಲಿಪಿ ವ್ಯವಸ್ಥೆ ರೂಪಿಸಿತು. ಆಗ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದದ್ದು ಬೀಗವಲ್ಲ, ಕೀಲಿಕೈ. ಭದ್ರತೆ ಇಲ್ಲದ ಪುಟವಾದರೆ ಮುರಿದ ಕೀಲಿಕೈ. ತಾಣ ಅಸಲಿಯೇ ಎಂದು ಪ್ರಮಾಣಪತ್ರ ಕೊಡಲು ಬೇರೆ ಸಂಸ್ಥೆಗಳಿದ್ದವು. ಅವುಗಳಲ್ಲಿ ಯಾವುದನ್ನು ನಂಬಬೇಕು ಎಂಬ ಪಟ್ಟಿಯೊಂದು ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ಅದನ್ನು ನಾವ್ಯಾರೂ ತೆರೆದು ನೋಡುವುದಿಲ್ಲ.

ಆ ಪಟ್ಟಿಯ ಬೆಲೆ ಗೊತ್ತಾದದ್ದು 2014ರ ಜುಲೈ 2ರಂದು. ಗೂಗಲ್‌ನ ಹಲವು ವಿಳಾಸಗಳ ಹೆಸರಿನಲ್ಲಿ ಗೂಗಲ್ ಕೇಳದೇ ಇದ್ದ ಪ್ರಮಾಣಪತ್ರಗಳು ಚಲಾವಣೆಯಲ್ಲಿರುವುದು ಅಂದು ಕಂಪನಿಯ ಕಣ್ಣಿಗೆ ಬಿತ್ತು. ಕೊಟ್ಟದ್ದು ನಮ್ಮದೇ ರಾಷ್ಟ್ರೀಯ ಮಾಹಿತಿ ಕೇಂದ್ರ, ಎನ್‌ಐಸಿ. ಅದರ ಬೆನ್ನಿಗಿದ್ದದ್ದು ಭಾರತ ಸರ್ಕಾರದ ಪ್ರಮಾಣೀಕರಣ ನಿಯಂತ್ರಕರಾದ ಸಿಸಿಎ. ಪ್ರಮಾಣಪತ್ರ ಕೊಡುವ ಎನ್‌ಐಸಿ ವ್ಯವಸ್ಥೆಗೇ ಕನ್ನ ಬಿದ್ದಿತ್ತು, ತಪ್ಪಾಗಿ ಹೊರಬಿದ್ದವು ನಾಲ್ಕೇ ಎಂದಿತು ಸಿಸಿಎ. ಆ ನಾಲ್ಕರಲ್ಲಿ ಸೇರದ ಇನ್ನಷ್ಟು ನಮಗೆ ಸಿಕ್ಕಿವೆ ಎಂದಿತು ಗೂಗಲ್. ಬೇಲಿಯೇ ಎದ್ದು ಹೊಲ ಮೇಯಿತೆನ್ನುವುದು ಅನ್ಯಾಯವಾದೀತು. ಆದರೆ ಬೇಲಿ ಮುರಿದದ್ದನ್ನು ಮೊದಲು ಕಂಡದ್ದು ಕಾವಲುಗಾರನಲ್ಲ.

ಯಾವ ಬ್ರೌಸರ್ ಭದ್ರ ಎಂದು ವಾದಿಸುವವರು ಈ ಪ್ರಕರಣವನ್ನೊಮ್ಮೆ ನೋಡಬೇಕು. ಸಿಸಿಎ ಹೆಸರು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿತ್ತು. ಹಾಗಾಗಿ ವಿಂಡೋಸ್ ಕಂಪ್ಯೂಟರಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆ ಪತ್ರಗಳನ್ನು ನಂಬುವ ಸ್ಥಿತಿಯಲ್ಲಿತ್ತು. ವಿಂಡೋಸ್ ಪಟ್ಟಿಯನ್ನೇ ನೆಚ್ಚಿದ್ದ ಕ್ರೋಮ್ ಗೂಗಲ್‌ನ ವಿಳಾಸಗಳ ಮಟ್ಟಿಗೆ ಬಚಾವ್. ಅವುಗಳ ಗುರುತನ್ನು ತನ್ನೊಳಗೇ ಬರೆದಿಟ್ಟುಕೊಂಡಿತ್ತು. ಉಳಿದ ತಾಣಗಳಿಗೆ ಆ ರಕ್ಷಣೆ ಇರಲಿಲ್ಲ. ಅದೇ ಕಂಪ್ಯೂಟರಿನ ಫೈರ್‌ಫಾಕ್ಸ್‌ಗೆ ಏನೂ ಆಗಲಿಲ್ಲ. ಅದು ತನ್ನದೇ ಪಟ್ಟಿ ಇಟ್ಟುಕೊಂಡಿತ್ತು, ಅದರಲ್ಲಿ ಸಿಸಿಎ ಇರಲಿಲ್ಲ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ಗೂ ತೊಂದರೆಯಿಲ್ಲ. ಅಂದರೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನ ದೊಡ್ಡ ಕಂಪ್ಯೂಟರಿಗಿಂತ ಜೇಬಿನ ಅಗ್ಗದ ಫೋನೇ ಆ ವಾರ ಮೇಲು!

ಗೂಗಲ್ ಆಮೇಲೆ ಸಿಸಿಎ ಮಾತನ್ನು ಜಿಒವಿ.ಇನ್, ಎನ್‌ಐಸಿ.ಇನ್, ಎಸಿ.ಇನ್‌ನಂಥ ಕೆಲವೇ ವಿಳಾಸಗಳಿಗೆ ಸೀಮಿತಗೊಳಿಸಿತು. ಕರ್ನಾಟಕ ಸರ್ಕಾರದ ಹೆಚ್ಚಿನ ತಾಣಗಳು ಜಿಒವಿ.ಇನ್ ಅಡಿಯಲ್ಲೇ ಬರುತ್ತವೆ, ಹಾಗಾಗಿ ಅವುಗಳ ಮಟ್ಟಿಗೆ ಆ ಮಾತು ಉಳಿಯಿತು. 2022ರಿಂದ ಕ್ರೋಮ್ ಕೂಡ ಫೈರ್‌ಫಾಕ್ಸ್ ದಾರಿ ಹಿಡಿದು ಸ್ವಂತ ಪಟ್ಟಿಗೆ ಹೊರಳಿತು.

ದೆಹಲಿಯ ಉತ್ತರ ಬಂದದ್ದು 2023ರ ಆಗಸ್ಟ್‌ನಲ್ಲಿ: ಸ್ವದೇಶಿ ಬ್ರೌಸರ್ ರೂಪಿಸುವ ಸ್ಪರ್ಧೆ. ಸಿಸಿಎ ಜೊತೆಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಬೆಂಗಳೂರು ಘಟಕ ಕೈಜೋಡಿಸಿತು. ಸಿಸಿಎ ಹೆಸರು ಬ್ರೌಸರಿನೊಳಗೇ ಇರಬೇಕೆಂಬುದು ಮುಖ್ಯ ಬೇಡಿಕೆ. 2025ರ ಮಾರ್ಚ್‌ನಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೊ ಕಂಪನಿಗೆ ಹೋಯಿತು.

ಬ್ರೌಸರ್ ನಮ್ಮದಾಗಲಿ, ತಕರಾರಿಲ್ಲ. ಆದರೆ ಹೊರಗಿನವರು ನಮ್ಮನ್ನು ನಂಬುವುದಿಲ್ಲ ಎಂಬ ದೂರನ್ನು ಒಪ್ಪುವುದು ಕಷ್ಟ. ಪ್ರಮಾಣಪತ್ರ ಕೊಡುವ ಬೆಂಗಳೂರಿನ ಇಮುದ್ರಾ ಕಂಪನಿಯ ಎಮ್‌ಸೈನ್ ಹೆಸರು ಫೈರ್‌ಫಾಕ್ಸ್ ಪಟ್ಟಿಯಲ್ಲೂ ಇದೆ, ಕ್ರೋಮ್ ಪಟ್ಟಿಯಲ್ಲೂ ಇದೆ. ಪರಿಶೋಧನೆಗೆ ಒಳಗಾಗಿ, ಬಹಿರಂಗ ಚರ್ಚೆಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಅದು ಒಳಗೆ ಬಂದದ್ದು.